ಹಳೆಯ ಮೌತ್ ಆರ್ಗನ್ ಮೈಕ್: ಮಾರುವ ಮುಂಚೆ ಯಾವ ರಿಪೇರಿ ಮಾಡಿಸಬೇಕು, ಯಾವುದನ್ನು ಮುಟ್ಟಬಾರದು?

ಪ್ರಶ್ನೆ: ನಾನು ಬೀದರಿನವನು. ನಮ್ಮ ಕಾಕಾ ಆರ್ಕೆಸ್ಟ್ರಾದಲ್ಲಿ ಮೌತ್ ಆರ್ಗನ್ ಬಾರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಸಾಮಾನಿನಲ್ಲಿ ಒಂದು ಹಳೆಯ ಮೈಕ್ ಸಿಕ್ಕಿದೆ. ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡದು, ಮುಂದೆ ದುಂಡು ಜಾಲರಿ, ಹಿಂದೆ ಚೂಪಾಗುತ್ತಾ ಹೋಗುತ್ತದೆ. ಮೇಲಿನ ಪಟ್ಟಿಯಲ್ಲಿ ಆಸ್ಟಾಟಿಕ್, ಜೆಟಿ-30 ಎಂದಿದೆ. ವಾಲ್ಯೂಮ್ ಗುಂಡಿ ಇಲ್ಲ. ಹಲವು ವರ್ಷ ಮಾಳಿಗೆ ಮೇಲಿನ ಪತ್ರಾಸ್ (ತಗಡಿನ ಛಾವಣಿ) ಕೋಣೆಯ ಟ್ರಂಕಿನಲ್ಲಿತ್ತು. ನಮ್ಮ ಭಜನಾ ಮಂಡಳಿಯ ಮಿಕ್ಸರಿಗೆ ಹಾಕಿ ನೋಡಿದೆ. ಸದ್ದು ಬರುತ್ತದೆ, ಆದರೆ ಬಹಳ ತೆಳು, ದೂರದ ಟ್ರಾನ್ಸಿಸ್ಟರ್ ಕೇಳಿದ ಹಾಗೆ. ವೈರ್ ಅಲುಗಾಡಿದರೆ ಕಟ್ ಆಗುತ್ತದೆ. ಮೈಕಿನ ಮೈ ಮುಟ್ಟಿದರೆ ಗುಂಯ್ ಎನ್ನುವ ಸದ್ದು ಇನ್ನೂ ಜೋರಾಗುತ್ತದೆ. ಇಲ್ಲಿನ ಒಬ್ಬ ರಿಪೇರಿಯವರು ಮೀಟರ್ ಹಿಡಿದು ನೋಡಿ, "ಒಳಗಿನ ಎಲಿಮೆಂಟ್ ಹೋಗ್ಯಾದ್ರಿ. ಬ್ಯಾರೆ ಕ್ಯಾಪ್ಸೂಲ್ ಹಾಕಿ ಕೊಡ್ತೀನಿ, ಯಾರಿಗೂ ಗೊತ್ತಾಗಂಗಿಲ್ಲ" ಅಂದರು. ಮನೆಯವರು ಎರಡು ದಿನ ಬಿಸಿಲಿಗೆ ಇಟ್ಟರೆ ಸರಿ ಹೋಗುತ್ತದೆ ಎನ್ನುತ್ತಾರೆ. ಹೈದರಾಬಾದಿನ ಒಬ್ಬರು ಕೊಳ್ಳಲು ಕೇಳಿದ್ದಾರೆ. ರಿಪೇರಿ ಮಾಡಿಸಿ ಮಾರಲೇ, ಇದ್ದ ಹಾಗೇ ಕೊಡಲೇ? ಕೊಂಡವರಿಗೆ ಮೋಸ ಆಗಬಾರದು, ನಮಗೂ ನಷ್ಟ ಆಗಬಾರದು.

ಉತ್ತರ: ಮೊದಲಿಗೆ ಒಂದು ಮಾತು. ಈ ಉತ್ತರ ಓದಿ ಮುಗಿಸುವ ತನಕ ಆ ಮೈಕನ್ನು ಬಿಸಿಲಿಗೆ ಇಡಬೇಡಿ, ರಿಪೇರಿಯವರ ಕೈಗೂ ಕೊಡಬೇಡಿ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ನಿಮ್ಮ ಮೈಕಿನ ಎಲಿಮೆಂಟ್, ಅಂದರೆ ಸದ್ದನ್ನು ವಿದ್ಯುತ್ ಸಿಗ್ನಲ್ ಮಾಡುವ ಒಳಭಾಗ, ಸತ್ತಿದೆ ಎಂದು ಹೇಳಲು ಇನ್ನೂ ಯಾವ ಆಧಾರವೂ ಇಲ್ಲ. ಬದುಕಿರುವ ಸಾಧ್ಯತೆ ಸಾಕಷ್ಟಿದೆ. ಬಿಸಿಲಿಗಿಟ್ಟರೆ ಮಾತ್ರ ಸಾಯುವ ಭಯವಿದೆ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಸದ್ದು ತೆಳುವಾಗಿರುವುದು ಒಂದು, ವೈರ್ ಅಲುಗಿದರೆ ಕಟ್ ಆಗುವುದು ಇನ್ನೊಂದು, ಮುಟ್ಟಿದರೆ ಗುಂಯ್‌ಗುಡುವುದು ಮತ್ತೊಂದು. ಮೂರಕ್ಕೂ "ಎಲಿಮೆಂಟ್ ಹೋಗಿದೆ" ಎಂಬ ಒಂದೇ ಉತ್ತರ ಹಚ್ಚಿದ್ದಾರೆ. ನಾನು ಕಲಬುರಗಿಯಲ್ಲಿ ಆರ್ಕೆಸ್ಟ್ರಾ, ಭಜನೆ, ಜಾತ್ರೆಯ ಸೌಂಡ್ ಸಾಮಾನು ರಿಪೇರಿ ಮಾಡುತ್ತಲೇ ಬಂದವನು. ನನ್ನ ಟೇಬಲ್ಲಿಗೆ ಬರುವ ಮೈಕುಗಳಲ್ಲಿ ಹೆಚ್ಚಿನವುಗಳ ದೋಷ ವೈರಿನಲ್ಲಿ, ಪಿನ್ನಿನಲ್ಲಿ ಅಥವಾ ಬೆಸುಗೆಯಲ್ಲಿ ಇರುತ್ತದೆ. ಎಲಿಮೆಂಟ್ ನಿಜಕ್ಕೂ ಕೆಟ್ಟಿರುವುದು ಕಡಿಮೆ. ಆದ್ದರಿಂದ ಎಲಿಮೆಂಟನ್ನು ಕೊನೆಗೆ ಅನುಮಾನಿಸುವುದೇ ಸರಿಯಾದ ಕ್ರಮ.

ನಿಮ್ಮ ಕೈಯಲ್ಲಿರುವುದು ಏನು ಎಂಬುದು ಮೊದಲು ಗೊತ್ತಿರಲಿ. ಆಸ್ಟಾಟಿಕ್ ಅಮೆರಿಕದ ಒಹಾಯೋ ರಾಜ್ಯದ ಕಂಪನಿ. ಜೆಟಿ-30 ಮೌತ್ ಆರ್ಗನ್‌ಗೆಂದು ಹುಟ್ಟಿದ ಮೈಕ್ ಅಲ್ಲ. ಹವ್ಯಾಸಿ ರೇಡಿಯೋದವರು, ಸಭೆಗಳಲ್ಲಿ ಪ್ರಕಟಣೆ ಹೇಳುವವರು ಬಳಸಲೆಂದು ಮಾಡಿದ್ದು. ಅದರ ಜೊತೆಯವನಾದ ಶೂರ್ ಕಂಪನಿಯ ಗ್ರೀನ್ ಬುಲೆಟ್ 1949ರಲ್ಲಿ ಬಂದಿತು. ಅದೂ ಮಾತಿಗೆಂದೇ ತಯಾರಾದದ್ದು. 1950ರ ದಶಕದಲ್ಲಿ ಶಿಕಾಗೋದ ಲಿಟಲ್ ವಾಲ್ಟರ್‌ನಂಥ ವಾದಕರು ಇಂಥ ಅಗ್ಗದ ಮೈಕನ್ನು ಮೌತ್ ಆರ್ಗನ್ ಜೊತೆಗೇ ಎರಡೂ ಅಂಗೈಯಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದು, ಗಿಟಾರ್ ಆಂಪ್ಲಿಫಯರಿಗೆ ಹಾಕಿ ಬಾರಿಸತೊಡಗಿದರು. ಆಗ ಹೊರಟ ದಪ್ಪನೆಯ, ಸ್ವಲ್ಪ ಒಡೆದ ಸ್ವರವನ್ನೇ ಇಂದಿಗೂ ಜನ ಹುಡುಕುತ್ತಾರೆ. ಹೈದರಾಬಾದಿನವರು ಕೇಳುತ್ತಿರುವುದೂ ಆ ಸ್ವರವನ್ನೇ. ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಇಂದಿನ ಹಾಡುವ ಮೈಕಿನಂತೆ ಸ್ವಚ್ಛವಾಗಿ ಕೇಳಿಸಬೇಕು ಎಂದು ನೀವು ಎದುರು ನೋಡಿದರೆ, ಚೆನ್ನಾಗಿರುವ ಜೆಟಿ-30 ಕೂಡ ಕೆಟ್ಟಂತೆ ಕೇಳಿಸುತ್ತದೆ.

ಜೆಟಿ-30ರ ಒಳಗೆ ಸಾಮಾನ್ಯವಾಗಿ ಇರುವುದು ಹರಳಿನ ಎಲಿಮೆಂಟ್, ಕ್ರಿಸ್ಟಲ್ ಎನ್ನುತ್ತಾರೆ. ರೋಷೆಲ್ ಉಪ್ಪು ಎಂಬ ಪದಾರ್ಥದ ಹರಳಿನ ತೆಳು ಬಿಲ್ಲೆ ಅದು. ತೆಳು ಅಲ್ಯೂಮಿನಿಯಂ ಪರದೆಗೆ ಸದ್ದಿನ ಅಲೆ ಬಡಿದಾಗ ಪರದೆ ಹರಳನ್ನು ಬಾಗಿಸುತ್ತದೆ, ಬಾಗಿದ ಹರಳಿನ ಎರಡು ಮೈಗಳ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಹರಳುಗಳ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ಅವರು ಪರೀಕ್ಷಿಸಿದ ಹರಳುಗಳಲ್ಲಿ ರೋಷೆಲ್ ಉಪ್ಪೂ ಇತ್ತು. ಇದರೊಳಗೆ ಅಯಸ್ಕಾಂತವಿಲ್ಲ, ಸುರುಳಿಯಿಲ್ಲ. ನಿಮ್ಮ ರಿಪೇರಿಯವರು ಎಡವಿದ್ದು ಇಲ್ಲಿಯೇ ಎಂದು ನನ್ನ ಊಹೆ.

ನಮ್ಮ ಕಡೆ ದಿನಾ ಕೈಗೆ ಬರುವ ಮೈಕುಗಳೆಲ್ಲ ಡೈನಮಿಕ್. ಅವುಗಳಲ್ಲಿ ತಂತಿಯ ಸುರುಳಿ ಇರುತ್ತದೆ. ಮೀಟರ್ ಹಚ್ಚಿದರೆ ಕೆಲವು ನೂರು ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ ಎಂದೇ ಅರ್ಥ. ಆ ಅಭ್ಯಾಸದಲ್ಲೇ ಹರಳಿನ ಎಲಿಮೆಂಟಿಗೂ ಮೀಟರ್ ಹಚ್ಚಿದಾಗ ಅದು ಪೂರ್ತಿ ಓಪನ್ (ಕರೆಂಟ್ ಹರಿಯುವ ದಾರಿಯೇ ಇಲ್ಲ ಎಂದು) ತೋರಿಸುತ್ತದೆ. ಆದರೆ ಹರಳಿಗೆ ಓಪನ್ ತೋರಿಸುವುದೇ ಸರಿಯಾದ ಲಕ್ಷಣ. ಎರಡು ತಗಡಿನ ನಡುವೆ ಹರಳು ಕೂತಿರುವ ಕಾರಣ ಅದು ಮೀಟರಿಗೆ ಒಂದು ಸಣ್ಣ ಕೆಪಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಹಿಡಿದಿಡುವ ಭಾಗ). ಓಮ್ ರೇಂಜಿನಲ್ಲಿ ಶಾರ್ಟ್ ತೋರಿಸಿದರೆ ಚಿಂತೆ ಮಾಡಬೇಕು, ಓಪನ್ ಇದ್ದರೆ ಮಾಡಬೇಕಿಲ್ಲ. ಆ ರಿಪೇರಿಯವರು ಬೇಕೆಂದು ಸುಳ್ಳು ಹೇಳಿದರು ಎಂದು ನಾನು ಹೇಳುತ್ತಿಲ್ಲ. ಹರಳಿನ ಮೈಕ್ ಈಗ ಅಪರೂಪ, ಎಷ್ಟೋ ಹೊಸ ಹುಡುಗರು ಒಂದನ್ನೂ ಬಿಚ್ಚಿ ನೋಡಿಲ್ಲ.

ಕೆಪಾಸಿಟರ್ ಅಳೆಯುವ ಸೌಲಭ್ಯವಿರುವ ಡಿಜಿಟಲ್ ಮೀಟರ್ ಇದ್ದರೆ ಅದನ್ನು ಹಚ್ಚಿ ನೋಡಲು ಹೇಳಿ. ಪಿಕೋಫ್ಯಾರಡ್ ಎಂಬುದು ಕೆಪಾಸಿಟರಿನ ಅಳತೆ. ಒಂದು ಸಾವಿರ ಪಿಕೋಫ್ಯಾರಡ್‌ಗಿಂತ ಮೇಲೆ ಬಂದರೆ ಹರಳು ಜಾಗದಲ್ಲಿ ಇದೆ ಎಂದು ಒಂದು ಮಟ್ಟಿಗೆ ನಂಬಬಹುದು. ಬರೀ ಹತ್ತು-ಇಪ್ಪತ್ತು ತೋರಿಸಿದರೆ ಒಳಗಿನ ಸಂಪರ್ಕ ಬಿಟ್ಟಿದೆ ಅಥವಾ ಹರಳು ಕರಗಿ ಹೋಗಿದೆ. ಈ ಅಳತೆಯೊಂದೇ ಪೂರ್ತಿ ಸಾಕ್ಷಿಯಾಗುವುದಿಲ್ಲ, ಕೊನೆಗೆ ಕಿವಿಯೇ ತೀರ್ಮಾನಿಸಬೇಕು.

ಬೇರೆ ಸಾಧ್ಯತೆಯೂ ಇದೆ. ಜೆಟಿ-30ರ ಚಿಪ್ಪಿನೊಳಗೆ ಹಿಂದಿನ ಮಾಲೀಕರು ಸೆರಾಮಿಕ್ ಎಲಿಮೆಂಟನ್ನೋ ಶೂರ್‌ನ ಕಂಟ್ರೋಲ್ಡ್ ಮ್ಯಾಗ್ನೆಟಿಕ್ ಎಲಿಮೆಂಟನ್ನೋ ಹಾಕಿರಬಹುದು. ವಾದಕರು ಹೀಗೆ ಬದಲಿಸಿಕೊಳ್ಳುವುದು ಹಿಂದಿನಿಂದಲೂ ಇದೆ. ಮ್ಯಾಗ್ನೆಟಿಕ್ ಆದರೆ ಅದರಲ್ಲಿ ಸುರುಳಿ ಇರುತ್ತದೆ, ಮೀಟರಿನಲ್ಲಿ ಓಮ್ ತೋರಿಸಬೇಕು, ಓಪನ್ ಇದ್ದರೆ ನಿಜಕ್ಕೂ ಕೆಟ್ಟಿದೆ. ಹೊರಗಿನ ಹೆಸರು ಒಳಗಿನ ಎಲಿಮೆಂಟಿಗೆ ಖಾತರಿಯಲ್ಲ. ಜಾಲರಿಯ ಸ್ಕ್ರೂಗಳನ್ನು ಬಿಚ್ಚಿ ಒಮ್ಮೆ ಕಣ್ಣಾರೆ ನೋಡಿಕೊಳ್ಳುವುದು ಆದ್ದರಿಂದ ಅಗತ್ಯ. ಬಿಚ್ಚುವಾಗ ಮೈಕನ್ನು ಬಟ್ಟೆ ಹಾಸಿದ ಮೇಜಿನ ಮೇಲೆ ಮಲಗಿಸಿ. ಎಲಿಮೆಂಟಿನ ಸುತ್ತ ರಬ್ಬರ್ ಬಳೆ ಇರುತ್ತದೆ. ಹಳೆಯದಾದರೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ ಅಥವಾ ಅಂಟಂಟಾಗಿ ಕರಗಿರುತ್ತದೆ. ಸ್ಕ್ರೂಡ್ರೈವರಿನಿಂದ ಎಬ್ಬಿಸಲು ಹೋಗಬೇಡಿ, ಮುಂದಿನ ತೆಳು ಪರದೆಗೆ ತೂತು ಬೀಳುತ್ತದೆ. ಎಬ್ಬಿಸದೆಯೇ ಹಿಂಬದಿಯ ಎರಡು ತಂತಿ ಮತ್ತು ಬರಹ ಕಂಡರೆ ಫೋಟೋ ತೆಗೆದುಕೊಂಡು ಮುಚ್ಚಿಬಿಡಿ.

ಈಗ ಬಿಸಿಲಿನ ವಿಷಯ. ರೋಷೆಲ್ ಉಪ್ಪಿನ ಹರಳಿನೊಳಗೆ ನೀರಿನ ಅಂಶ ಕೂತಿರುತ್ತದೆ, ಹರಳು ಹರಳಾಗಿ ನಿಂತಿರುವುದೇ ಆ ನೀರಿನಿಂದ. ಸುಮಾರು 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ರಚನೆ ಕುಸಿಯುತ್ತದೆ. ಮತ್ತೆ ತಣ್ಣಗಾದರೂ ಮೊದಲಿನ ಸ್ಥಿತಿಗೆ ಬರುವುದಿಲ್ಲ. ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನಲ್ಲೇ 42-43 ಡಿಗ್ರಿ ಇರುತ್ತದೆ. ಬೀದರ್ ಎತ್ತರದಲ್ಲಿರುವುದರಿಂದ ತುಸು ಕಡಿಮೆ. ಆದರೆ ನೇರ ಬಿಸಿಲಿನಲ್ಲಿಟ್ಟ ಲೋಹದ ಮೈಕ್ ಒಳಗೆ 55 ದಾಟಲು ಎರಡು ದಿನ ಬೇಡ, ಒಂದು ಮಧ್ಯಾಹ್ನ ಸಾಕು. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೂ ಅಷ್ಟೇ. ಹಾಗಾಗಿ ಹಳೆಯ ಹರಳಿನ ಮೈಕುಗಳಿಗೆ ನಮ್ಮ ಸೀಮೆಯಲ್ಲಿ ಮಳೆಗಿಂತ ಬೇಸಿಗೆಯೇ ದೊಡ್ಡ ಶತ್ರು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಪತ್ರಾಸ್ ಕೋಣೆಯ ಮಾತು ಓದಿದಾಗ ನನಗೆ ಚಿಂತೆಯಾದದ್ದೂ ಇದೇ ಕಾರಣಕ್ಕೆ. ಟ್ರಂಕಿನ ಒಳಗೆ, ಬಟ್ಟೆಗಳ ನಡುವೆ ಇದ್ದಿದ್ದರೆ ಉಳಿದಿರಬಹುದು. ಸದ್ದು ಬರುತ್ತಿದೆ ಎಂಬುದು ಒಳ್ಳೆಯ ಸೂಚನೆ.

ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವುದನ್ನೂ ಕೆಲವರು ಹೇಳುತ್ತಾರೆ. ಮೊಬೈಲ್ ನೀರಿಗೆ ಬಿದ್ದಾಗ ಮಾಡುವ ಉಪಾಯ ಅದು. ಇಲ್ಲಿ ಅದರಿಂದ ಉಪಯೋಗವಿಲ್ಲ, ಜಾಲರಿಯೊಳಗೆ ಅಕ್ಕಿಯ ಹಿಟ್ಟು ಸೇರುತ್ತದೆ ಅಷ್ಟೇ. ಸಿಲಿಕಾ ಜೆಲ್ ಪೊಟ್ಟಣಗಳನ್ನು ರಾಶಿ ಹಾಕುವುದೂ ಬೇಡ. ರೋಷೆಲ್ ಉಪ್ಪು ತೀರ ತೇವವಾದ ಗಾಳಿಯಲ್ಲಿ ಕರಗುತ್ತದೆ, ತೀರ ಒಣಗಿದ ಗಾಳಿಯಲ್ಲಿ ತನ್ನೊಳಗಿನ ನೀರು ಕಳೆದುಕೊಂಡು ಪುಡಿಯಾಗುತ್ತದೆ. ಕಾರ್ಖಾನೆಯವರು ಎಲಿಮೆಂಟನ್ನು ಮುಚ್ಚಿ ರಕ್ಷಣೆ ಕೊಟ್ಟಿರುತ್ತಾರೆ, ಆದರೂ ದಶಕಗಳಲ್ಲಿ ಆ ಮುಚ್ಚಳ ಬಿರುಕು ಬಿಡುವುದುಂಟು. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆ, ಒಂದು ಹತ್ತಿ ಬಟ್ಟೆ, ಮುಚ್ಚಳವಿರುವ ಡಬ್ಬಿ, ಇಷ್ಟು ಸಾಕು.

ಸದ್ದು ಏಕೆ ತೆಳುವಾಗಿದೆ ಎಂಬುದಕ್ಕೆ ನಿಮ್ಮ ಪತ್ರದಲ್ಲೇ ಉತ್ತರವಿದೆ: ನೀವು ಅದನ್ನು ಮಿಕ್ಸರಿಗೆ ಹಾಕಿದಿರಿ. ಇದನ್ನು ಸ್ವಲ್ಪ ಲೆಕ್ಕ ಹಾಕಿ ತೋರಿಸುತ್ತೇನೆ, ಏಕೆಂದರೆ ಕೊಳ್ಳುವವರ ಜೊತೆ ಮಾತಾಡುವಾಗ ನಿಮಗೆ ಇದು ಕೆಲಸಕ್ಕೆ ಬರುತ್ತದೆ. ಹರಳು ಕೆಪಾಸಿಟರಿನಂತೆ ಎಂದೆನಲ್ಲ, ಅದು 1,500 ಪಿಕೋಫ್ಯಾರಡ್ ಇದೆ ಎಂದಿಟ್ಟುಕೊಳ್ಳಿ. ಅದನ್ನು ಯಾವುದಕ್ಕೆ ಜೋಡಿಸುತ್ತೀರೋ ಅದರ ಇನ್‌ಪುಟ್ ರೆಸಿಸ್ಟೆನ್ಸ್ ಈ ಕೆಪಾಸಿಟರಿನ ಜೊತೆ ಸೇರಿ ಒಂದು ಫಿಲ್ಟರ್ ಆಗುತ್ತದೆ, ಒಂದು ಮಿತಿಗಿಂತ ಕೆಳಗಿನ ಸ್ವರಗಳನ್ನು ಕತ್ತರಿಸುತ್ತದೆ. ಮಿಕ್ಸರಿನ ಲೈನ್ ಇನ್‌ಪುಟ್ 10 ಕಿಲೋ ಓಮ್ ಇದ್ದರೆ ಆ ಮಿತಿ ಹತ್ತು ಸಾವಿರ ಹರ್ಟ್ಸ್‌ಗೂ ಮೇಲೆ ಹೋಗುತ್ತದೆ. ಸಿ ಸ್ವರದ ಸಾಮಾನ್ಯ ಹತ್ತು ತೂತಿನ ಮೌತ್ ಆರ್ಗನ್ನಿನ ಅತಿ ಕೆಳಗಿನ ಸ್ವರ 262 ಹರ್ಟ್ಸ್. ಅಂದರೆ ನೀವು ಬಾರಿಸುವ ಸ್ವರಗಳೆಲ್ಲವೂ ಕತ್ತರಿಸುವ ಭಾಗದಲ್ಲೇ ಬಿದ್ದವು. ಮಿಕ್ಸರಿನ ಮೈಕ್ ಇನ್‌ಪುಟ್ ಇನ್ನೂ ಕಡಿಮೆ, ಕೆಲವೇ ಕಿಲೋ ಓಮ್, ಅಲ್ಲಿ ಸ್ಥಿತಿ ಇನ್ನೂ ಕೆಟ್ಟದು. ಅದೇ ಮೈಕನ್ನು 1 ಮೆಗಾ ಓಮ್ ಇನ್‌ಪುಟ್ ಇರುವ ಗಿಟಾರ್ ಆಂಪ್ಲಿಫಯರಿಗೆ ಹಾಕಿದರೆ ಮಿತಿ ನೂರು ಹರ್ಟ್ಸ್ ಆಸುಪಾಸಿಗೆ ಇಳಿಯುತ್ತದೆ. ಎಲ್ಲ ಸ್ವರಗಳೂ ತುಂಬಿ ಬರುತ್ತವೆ.

ಹಾಗಾಗಿ ಗಿಟಾರ್ ಆಂಪ್ಲಿಫಯರ್ ಇಲ್ಲದೆ ಈ ಮೈಕಿನ ಬಗ್ಗೆ ಯಾರೂ ತೀರ್ಪು ಕೊಡಬಾರದು. ಬೀದರಿನಲ್ಲಿ ಆರ್ಕೆಸ್ಟ್ರಾದವರ ಹತ್ತಿರ, ಚರ್ಚಿನಲ್ಲಿ ಗಿಟಾರ್ ನುಡಿಸುವ ಹುಡುಗರ ಹತ್ತಿರ ಸಿಕ್ಕೇ ಸಿಗುತ್ತದೆ, ಅರ್ಧ ಗಂಟೆ ಕೇಳಿ ಪಡೆಯಿರಿ. ಅದೂ ಸಿಗದಿದ್ದರೆ ಮಿಕ್ಸರಿಗೂ ಮೈಕಿಗೂ ನಡುವೆ ಆಕ್ಟಿವ್ ಡಿಐ ಬಾಕ್ಸ್ (ಇಂಥ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಸಣ್ಣ ಪೆಟ್ಟಿಗೆ) ಒಂದನ್ನು ಹಾಕಿ. ಇನ್‌ಪುಟ್ 1 ಮೆಗಾ ಓಮ್ ಅಥವಾ ಹೆಚ್ಚು ಇರುವುದನ್ನು ನೋಡಿಕೊಳ್ಳಿ.

ಆದರೆ ಹಾಕುವ ಮುಂಚೆ ಸುರಕ್ಷತೆಯ ಮಾತು ಹೇಳಲೇಬೇಕು. ಮುಟ್ಟಿದಾಗ ಗುಂಯ್ ಜೋರಾಗುತ್ತದೆ ಎಂದು ಬರೆದಿದ್ದೀರಿ. ಮೈಕಿನ ಲೋಹದ ಮೈ ವೈರಿನ ಶೀಲ್ಡಿಗೆ (ಒಳ ತಂತಿಯ ಸುತ್ತಲಿನ ಲೋಹದ ಹೆಣಿಗೆಗೆ) ಸರಿಯಾಗಿ ಕೂಡಿಕೊಂಡಿಲ್ಲ ಎಂಬುದರ ಲಕ್ಷಣ ಅದು. ನಮ್ಮ ಮಂದಿರ, ಮಂಟಪ, ಪೆಂಡಾಲುಗಳಲ್ಲಿ ಎರಡು ಪಿನ್ನಿನ ಪ್ಲಗ್, ಅರ್ಥಿಂಗ್ ಇಲ್ಲದ ಬೋರ್ಡು ಸಾಮಾನ್ಯ. ಆಂಪ್ಲಿಫಯರಿನ ಮೈಗೆ ಫೇಸ್ ಸೋರುತ್ತಿದ್ದರೆ ಅದು ಶೀಲ್ಡ್ ಹಿಡಿದು ನೇರ ಮೈಕಿಗೆ ಬರುತ್ತದೆ. ಮೌತ್ ಆರ್ಗನ್ ಬಾರಿಸುವವರ ಒದ್ದೆ ತುಟಿ, ಎರಡೂ ಅಂಗೈ ಆ ಲೋಹಕ್ಕೆ ಅಂಟಿಕೊಂಡಿರುತ್ತವೆ. ಮೊದಲು ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ ಹುಡುಕಿ. ಆಂಪ್ಲಿಫಯರ್ ಆನ್ ಮಾಡಿ, ಮೊದಲು ಅದರ ಲೋಹದ ಭಾಗಕ್ಕೆ, ಮೈಕ್ ಜೋಡಿಸಿದ ಮೇಲೆ ಕೈಯಲ್ಲಿ ಹಿಡಿಯುವ ಮುಂಚೆ ಮೈಕಿನ ಮೈಗೂ ಟೆಸ್ಟರ್ ಹಚ್ಚಿ ನೋಡಿ. ದೀಪ ಉರಿದರೆ ಅಲ್ಲಿಗೇ ನಿಲ್ಲಿಸಿ, ಆ ಆಂಪ್ಲಿಫಯರಿನ ಜೊತೆ ಮೈಕ್ ಬಳಸಲೇಬೇಡಿ.

ವೈರಿನ ಕಡೆ ಬರೋಣ, ನೀವು ಹಣ ಹಾಕಬೇಕಾದ ಜಾಗ ಇದೊಂದೇ. ಜೆಟಿ-30ರ ಹಿಂಭಾಗದಲ್ಲಿ ಹೊರಗೆ ಮರೆ (ಸ್ಕ್ರೂವಿನಂಥ ಸುತ್ತುಗೆರೆ) ಇರುವ ಸಣ್ಣ ಕೊಳವೆ ಇರುತ್ತದೆ, ವೈರಿನ ತುದಿಯ ಬಳೆಯನ್ನು ಅದರ ಮೇಲೆ ತಿರುಗಿಸಿ ಬಿಗಿಯಬೇಕು. ಕನೆಕ್ಟರಿನ ನಡುವೆ ಒಂದು ಬೆಸುಗೆಯ ಬೊಟ್ಟು, ಅದೇ ಸಿಗ್ನಲ್. ಸುತ್ತಲಿನ ಲೋಹ ಶೀಲ್ಡ್. ವೈರ್ ಮುರಿಯದಿರಲೆಂದು ಹಿಂದೆ ಒಂದು ಸ್ಪ್ರಿಂಗ್ ಇರುತ್ತದೆ. ಈ ಜಾತಿಯ ಕನೆಕ್ಟರಿನಲ್ಲಿ ಶೀಲ್ಡಿನ ಹೆಣಿಗೆ ಎಷ್ಟೋ ಸಲ ಬರೀ ಒತ್ತಡದಿಂದ ಸ್ಪ್ರಿಂಗಿಗೆ ತಾಗಿಕೊಂಡಿರುತ್ತದೆ. ವರ್ಷಗಳು ಕಳೆದಂತೆ ಅಲ್ಲಿ ಕಿಲುಬು ಕಟ್ಟುತ್ತದೆ, ಬಾರಿಸುವವರ ಉಸಿರಿನ ತೇವ ಅದಕ್ಕೆ ಇನ್ನಷ್ಟು ದಾರಿ ಮಾಡುತ್ತದೆ. ವೈರ್ ಅಲುಗಿದಾಗ ಕಟ್ ಆಗುವುದು, ಮುಟ್ಟಿದಾಗ ಗುಂಯ್‌ಗುಡುವುದು ಎರಡೂ ಇಲ್ಲಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅಂದಾಜು.

ಪರೀಕ್ಷೆ ಸುಲಭ. ವೈರನ್ನು ಮೈಕಿನಿಂದ ಬಿಚ್ಚಿಬಿಡಿ. ಮೀಟರಿನಲ್ಲಿ ನಡುವಿನ ಬೊಟ್ಟಿನಿಂದ ಜ್ಯಾಕಿನ ತುದಿಗೆ, ಹೊರ ಬಳೆಯಿಂದ ಜ್ಯಾಕಿನ ಬುಡಕ್ಕೆ ಬೀಪ್ ಬರಬೇಕು. ಬೀಪ್ ಹಿಡಿದುಕೊಂಡೇ ಎರಡೂ ತುದಿಗಳಲ್ಲಿ ವೈರನ್ನು ಬಾಗಿಸಿ ನೋಡಿ. ಬೀಪ್ ಕಡಿದ ಜಾಗದಲ್ಲೇ ದೋಷ. ತುದಿಯಿಂದ ಒಂದು ಬೆರಳಿನಷ್ಟು ವೈರ್ ಕತ್ತರಿಸಿ ಹಾಕಿ, ಒಳಗಿನ ತಾಮ್ರ ಹೊಳೆಯುವ ತನಕ ಸುಲಿದು, ಕನೆಕ್ಟರಿನ ಒಳಮೈ ಒರೆಸಿ, ಶೀಲ್ಡನ್ನೂ ಬೆಸುಗೆ ಹಾಕಿಯೇ ಕೂರಿಸಬೇಕು. 25 ವ್ಯಾಟಿನ ಐರನ್ ಸಾಕು. ವೈರ್ ಪೂರ್ತಿ ಕರಿದಾಗಿ ಗಟ್ಟಿಯಾಗಿದ್ದರೆ ಹೊಸ ಶೀಲ್ಡೆಡ್ ವೈರ್ ಹಾಕಿಸಿ, ಹಳೆಯ ಕನೆಕ್ಟರ್ ಮಾತ್ರ ಎಸೆಯಬೇಡಿ, ಆ ಮರೆಯ ಅಳತೆ ನಮ್ಮ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಹೊಸ ವೈರ್ ಉದ್ದ ಇಡುವ ಆಸೆ ಬೇಡ. ಮೀಟರಿಗೆ ನೂರು ಪಿಕೋಫ್ಯಾರಡ್ ಇರುವ ವೈರ್ ಆರು ಮೀಟರ್ ಹಾಕಿದರೆ ಹರಳಿನ ಸಿಗ್ನಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಕಡಿಮೆ ಉಳಿಯುತ್ತದೆ. ಮೂರು-ನಾಲ್ಕು ಮೀಟರ್ ಸಾಕು.

ಒಂದು ಎಚ್ಚರಿಕೆ: ವೈರಿಗೆ ಬೆಸುಗೆ ಹಾಕುವಾಗ ಅದು ಮೈಕಿನಿಂದ ಬಿಚ್ಚಿ ಬೇರೆ ಇರಲಿ. ಎಲಿಮೆಂಟಿನ ಕಾಲುಗಳಿಗೆ ಐರನ್ ಹಚ್ಚಿದರೆ ಶಾಖ ನೇರ ಹರಳಿಗೆ ಹರಿಯುತ್ತದೆ. ಅಲ್ಲಿನ ಬೆಸುಗೆ ಬಿಟ್ಟಿದ್ದು ಕಣ್ಣಿಗೆ ಕಂಡರೆ ಮಾತ್ರ, ಕಾಲನ್ನು ಇಕ್ಕಳದಲ್ಲಿ ಹಿಡಿದು ಶಾಖ ಹೀರುವಂತೆ ಮಾಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಬೇಕು. ಅನುಭವವಿಲ್ಲದವರಿಗೆ ಈ ಕೆಲಸ ಕೊಡಬೇಡಿ.

ಇಷ್ಟಾದ ಮೇಲೆ ನಿಮ್ಮ ಮುಂದೆ ದಾರಿಗಳು ತೆರೆದುಕೊಳ್ಳುತ್ತವೆ. ವೈರ್ ಸರಿ ಮಾಡಿಸಿ, ಗಿಟಾರ್ ಆಂಪ್ಲಿಫಯರಿನಲ್ಲಿ ಸದ್ದು ತುಂಬಿ ಬಂದರೆ ಅಲ್ಲಿಗೆ ರಿಪೇರಿ ಮುಗಿಯಿತು. ಮೂಲ ಹರಳು ಬದುಕಿರುವ ಜೆಟಿ-30 ಅಂದರೆ ಬಯಸುವವರಿಗೆ ಅದೇ ದೊಡ್ಡ ಮಾತು. ಆದರೆ ಕೊಳ್ಳುವವರಿಗೆ ಬಾಳಿಕೆಯ ಖಾತರಿ ಕೊಡಬೇಡಿ. ಹಳೆಯ ಹರಳು ಇಂದು ಚೆನ್ನಾಗಿ ಕೆಲಸ ಮಾಡಿ ಮುಂದಿನ ಬೇಸಿಗೆಯಲ್ಲಿ ಸೊರಗಬಹುದು. ಅದು ಅದರ ಸ್ವಭಾವ, ನಿಮ್ಮ ತಪ್ಪಲ್ಲ. ಹೇಳದೆ ಮುಚ್ಚಿಟ್ಟರೆ ಮಾತ್ರ ತಪ್ಪು.

ಏನೂ ಮಾಡದೆ ಇದ್ದ ಹಾಗೇ ಮಾರುವುದೂ ಅಪ್ರಾಮಾಣಿಕವೇನಲ್ಲ. ಆದರೆ ಕಟ್ ಆಗುವ ಮೈಕನ್ನು ಕೊಳ್ಳುವವರು ಎಲಿಮೆಂಟ್ ಸತ್ತಿದೆ ಎಂದೇ ಬೆಲೆ ಕಟ್ಟುತ್ತಾರೆ. ಸಣ್ಣ ಬೆಸುಗೆಯ ಕೆಲಸಕ್ಕಾಗಿ ನೀವು ಎಲಿಮೆಂಟಿನ ಬೆಲೆಯನ್ನೇ ಬಿಟ್ಟುಕೊಟ್ಟಂತಾಗುತ್ತದೆ. ವೈರ್ ಸರಿ ಮಾಡಿಸುವ ಖರ್ಚಿಗೆ ಹೋಲಿಸಿದರೆ ಇದು ನಷ್ಟದ ವ್ಯಾಪಾರ.

ಬೇರೆ ಕ್ಯಾಪ್ಸೂಲ್ ಹಾಕಿಸುವ ದಾರಿಯನ್ನು ನಾನು ಬೇಡವೆಂದೇ ಹೇಳುತ್ತೇನೆ. "ಯಾರಿಗೂ ಗೊತ್ತಾಗಂಗಿಲ್ಲ" ಎಂಬ ಮಾತು ಸುಳ್ಳು. ಇಂಥ ಮೈಕ್ ಹುಡುಕುವವರು ಕೈಗೆ ಬಂದ ದಿನವೇ ಬಿಚ್ಚಿ ನೋಡುತ್ತಾರೆ, ಬಿಚ್ಚುವ ಮುಂಚೆ ಕಿವಿಯಲ್ಲೇ ಗುರುತು ಹಿಡಿಯುತ್ತಾರೆ. ಹಾಡುವ ಮೈಕಿನ ಅಗ್ಗದ ಕ್ಯಾಪ್ಸೂಲನ್ನು ಅದರೊಳಗೆ ತುರುಕಿದರೆ ಇಂಪಿಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ತಡೆ) ಹೊಂದುವುದಿಲ್ಲ, ಗಿಟಾರ್ ಆಂಪ್ಲಿಫಯರಿಗೆ ಸಿಗ್ನಲ್ ಸಾಲುವುದಿಲ್ಲ, ಹೊಂದಿಸಲು ನಡುವೆ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ. ಕೂರಿಸುವ ಗಡಿಬಿಡಿಯಲ್ಲಿ ಒಳಗಿನ ಅಂಚು ಉಜ್ಜಿ, ಅಂಟು ಸುರಿದರೆ ಚಿಪ್ಪಿನ ಬೆಲೆಯೂ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ತೆಗೆದ ಹಳೆಯ ಎಲಿಮೆಂಟ್ ಆ ಅಂಗಡಿಯ ಕಸದ ಡಬ್ಬಿ ಸೇರುತ್ತದೆ. ಅದು ಬದುಕಿದ್ದ ಎಲಿಮೆಂಟೇ ಆಗಿರಬಹುದು.

ಒಂದು ವೇಳೆ ಎಲ್ಲ ಪರೀಕ್ಷೆಯ ನಂತರವೂ ಎಲಿಮೆಂಟ್ ನಿಜಕ್ಕೂ ಸತ್ತಿದೆ ಎಂದು ಗೊತ್ತಾದರೂ ಧೈರ್ಯಗೆಡಬೇಡಿ. ಚಿಪ್ಪನ್ನು ಚಿಪ್ಪೆಂದೇ ಕೊಳ್ಳುವವರಿದ್ದಾರೆ, ತಮಗೆ ಬೇಕಾದ ಎಲಿಮೆಂಟನ್ನು ಅವರೇ ಹಾಕಿಕೊಳ್ಳುತ್ತಾರೆ. ಸತ್ತ ಎಲಿಮೆಂಟನ್ನೂ ರಬ್ಬರ್ ಬಳೆಯನ್ನೂ ಪೊಟ್ಟಣ ಕಟ್ಟಿ ಜೊತೆಗೇ ಕೊಡಿ.

ಹೊರಮೈ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಮಾರುವ ಹುರುಪಿನಲ್ಲಿ ಬಹಳ ಮಂದಿ ಇಲ್ಲೇ ಹಾಳು ಮಾಡುತ್ತಾರೆ. ಬಣ್ಣ ಹೊಡೆಸಬೇಡಿ, ಬ್ರಾಸೋ ಹಾಕಿ ತಿಕ್ಕಬೇಡಿ. ಬೀದರಿನವರಾದ ನಿಮಗೆ ಬೇರೆ ಹೇಳಬೇಕಿಲ್ಲ, ಹಳೆಯ ಬಿದರಿ ಹೂಜಿಯ ಕಪ್ಪನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೆಗೆದು ಮಾರಲು ಒಯ್ದ ಹಾಗಾಗುತ್ತದೆ. ವಾಲ್ಯೂಮ್ ಗುಂಡಿ ಇದ್ದರೆ ಅನುಕೂಲ ಎಂದು ಯಾರಾದರೂ ಚಿಪ್ಪಿಗೆ ತೂತು ಕೊರೆಯುತ್ತೇನೆಂದರೂ ಒಪ್ಪಬೇಡಿ. ಹರಳಿಗೆ 5 ಮೆಗಾ ಓಮಿನ ಕಂಟ್ರೋಲ್ ಬೇಕು, ರೇಡಿಯೋ ಅಂಗಡಿಯಲ್ಲಿ ಕೈಗೆ ಸಿಕ್ಕ ಸಣ್ಣ ಬೆಲೆಯದನ್ನು ಹಾಕಿದರೆ ಮತ್ತೆ ಅದೇ ತೆಳು ಸದ್ದು. ಕೊರೆದ ತೂತನ್ನು ಮುಚ್ಚುವುದಂತೂ ಆಗದ ಮಾತು. ಹಿಂಡಿದ ಒದ್ದೆ ಬಟ್ಟೆಯಲ್ಲಿ ಚಿಪ್ಪನ್ನು ಒರೆಸಿ. ಜಾಲರಿಯಲ್ಲಿ ಎಂಜಲು, ಧೂಳು ಕಟ್ಟಿದ್ದರೆ ಅದನ್ನು ಬಿಚ್ಚಿ, ಎಲಿಮೆಂಟಿನಿಂದ ದೂರ ಒಯ್ದು, ಮೆತ್ತನೆಯ ಬ್ರಷ್ಷಿಗೆ ಸ್ಪಿರಿಟ್ ಹಚ್ಚಿ ತೊಳೆದು, ನೆರಳಲ್ಲಿ ಆರಿಸಿ ಕೂರಿಸಿ. ಜಾಲರಿಯ ಮೂಲಕ ಒಳಗೆ ಏನನ್ನೂ ಸ್ಪ್ರೇ ಮಾಡಬೇಡಿ, ಬ್ಲೋವರ್ ಹಿಡಿಯಬೇಡಿ.

ಹೈದರಾಬಾದಿನವರಿಗೆ ಹೇಳುವಾಗ ನಾಲ್ಕು ಮಾತು ಸ್ಪಷ್ಟವಾಗಿರಲಿ: ಚಿಪ್ಪಿನೊಳಗೆ ಯಾವ ಎಲಿಮೆಂಟ್ ಇದೆ (ಫೋಟೋ ಸಮೇತ), ಯಾವ ಆಂಪ್ಲಿಫಯರಿನಲ್ಲಿ ಕೇಳಿದಿರಿ, ವೈರಿನಲ್ಲಿ ಏನು ಬದಲಿಸಿದಿರಿ, ಬೇರೆ ಯಾವುದನ್ನೂ ಮುಟ್ಟಿಲ್ಲ ಎಂಬುದು. ಮೊಬೈಲಿನಲ್ಲಿ ಒಂದೇ ಸಲಕ್ಕೆ, ನಡುವೆ ಕತ್ತರಿಸದೆ ವಿಡಿಯೋ ತೆಗೆಯಿರಿ. ವೈರನ್ನು ಅಲುಗಾಡಿಸುತ್ತಲೇ ಬಾರಿಸಿದ್ದು ಅದರಲ್ಲಿ ಕಾಣಲಿ. ಮನೆಯಲ್ಲಿ ಬಾರಿಸುವವರು ಇಲ್ಲದಿದ್ದರೆ ಮೌತ್ ಆರ್ಗನ್ನಿಗೆ ಬರೀ ಉಸಿರು ಊದಿದರೂ ನಡೆಯುತ್ತದೆ. ಬೆಲೆ ತೂಗುವಾಗ ಇಂಟರ್ನೆಟ್ಟಿನಲ್ಲಿ ಜನ ಕೇಳುವ ಬೆಲೆ ನೋಡಬೇಡಿ, ನಿಜಕ್ಕೂ ಮಾರಾಟವಾದವುಗಳ ಬೆಲೆ ನೋಡಿ. ಅದರಲ್ಲೂ ಎಲಿಮೆಂಟ್ ಬದುಕಿರುವುದು, ಬರೀ ಚಿಪ್ಪು, ಎಲಿಮೆಂಟ್ ಬದಲಿಸಿದ್ದು ಎಂದು ಬೇರೆ ಬೇರೆ ಹಿಡಿಯಿರಿ.

ಸಾಧ್ಯವಾದರೆ ಪಾರ್ಸೆಲ್ ಮಾಡಬೇಡಿ, ನೀವೇ ಒಯ್ಯಿರಿ. ಬೀದರಿನಿಂದ ಹೈದರಾಬಾದ್ ಮೂರು-ನಾಲ್ಕು ತಾಸಿನ ದಾರಿ. ಅವರ ಆಂಪ್ಲಿಫಯರಿನಲ್ಲೇ ಬಾರಿಸಿ ನೋಡಿ ಹಣ ಕೊಡುವಂತಿದ್ದರೆ ಆಮೇಲಿನ ತಕರಾರಿಗೆ ಜಾಗವೇ ಇರುವುದಿಲ್ಲ. ಬೇಸಿಗೆಯಲ್ಲಿ ಹೋಗುವುದಾದರೆ ಬೆಳಗಿನ ಮೊದಲ ಬಸ್ಸಿಗೆ ಹೋಗಿ. ಮೈಕ್ ನಿಮ್ಮ ತೊಡೆಯ ಮೇಲಿನ ಚೀಲದಲ್ಲಿರಲಿ, ಬಸ್ಸಿನ ಟಾಪಿನ ಮೇಲಾಗಲಿ ಕೆಳಗಿನ ಡಿಕ್ಕಿಯಲ್ಲಾಗಲಿ ಬೇಡ. ಕೊರಿಯರ್ ಅನಿವಾರ್ಯವಾದರೆ ಮಳೆಗಾಲ ಕಳೆದು ಚಳಿ ಬೀಳುವ ತನಕ ಕಾಯಲು ಅವರನ್ನು ಕೇಳಿಕೊಳ್ಳಿ. ಹರಳಿನ ಮೈಕ್ ಬಲ್ಲವರಾದರೆ ಒಪ್ಪುತ್ತಾರೆ.

ವೈರ್ ಸರಿ ಮಾಡಿಸಿ, ಗಿಟಾರ್ ಆಂಪ್ಲಿಫಯರಿನಲ್ಲಿ ಕೇಳಿದ ಮೇಲೂ ಸದ್ದು ತೆಳುವಾಗಿಯೇ ಉಳಿದರೆ ಎಲಿಮೆಂಟಿನ ಹಿಂಬದಿಯ ಫೋಟೋ ಮತ್ತು ಕೆಪಾಸಿಟರ್ ಅಳತೆಯನ್ನು ಬರೆದು ಕಳಿಸಿ. ಕಲಬುರಗಿಗೆ ತರುವುದಾದರೆ ಎಲಿಮೆಂಟನ್ನು ಚಿಪ್ಪಿನಿಂದ ಬಿಚ್ಚದೆ, ಹಳೆಯ ವೈರನ್ನೂ ಜೊತೆಗಿಟ್ಟುಕೊಂಡು ತನ್ನಿ.